ಬಿ. ಎಂ. ಡಬ್ಲ್ಯೂ. 3ಎ ವಿಮಾನ ಎಂಜಿನು: ಅದರ ಮೂಲವೂ ಮೌಲ್ಯವೂ

ಯಂತ್ರಗಳ ಚರಿತ್ರೆಯನ್ನು ಬರೆಯುವವರೂ ಕವಿಚರಿತ್ರೆಯನ್ನು ಬರೆಯುವವರಂತೆಯೇ ಎರಡು ಬಗೆಯ ಅತಿರೇಕಗಳಿಗೆ ಸಿಲುಕುವುದುಂಟು. ಕೃತಿಯು ಒಬ್ಬನ ಪ್ರತಿಭೆಯಿಂದ ಏಕಾಏಕಿ ಉದ್ಭವಿಸಿತೆಂಬುದು ಒಂದು. ಪೂರ್ವಕೃತಿಯ ಛಾಯೆ ಕಂಡೊಡನೆಯೆ ಅದನ್ನು ಬರಿಯ ಅನುಕರಣವೆಂದು ತಳ್ಳಿಬಿಡುವುದು ಇನ್ನೊಂದು. 1917ರಲ್ಲಿ ಮ್ಯೂನಿಕ್ ನಗರದಲ್ಲಿ ಸಿದ್ಧವಾಗಿ, ಮರುವರ್ಷ ಜರ್ಮನ್ ಯುದ್ಧವಿಮಾನಗಳಲ್ಲಿ ಪ್ರಸಿದ್ಧಿಗೆ ಬಂದ ಬಿ. ಎಂ. ಡಬ್ಲ್ಯೂ. 3ಎ ಎಂಬ ಎಂಜಿನಿನ ವಿಷಯದಲ್ಲಿ ಈ ಎರಡು ಮಾತುಗಳೂ ಪ್ರಚಾರದಲ್ಲಿವೆ. ಎರಡೂ ಪೂರ್ಣವಾಗಿ ನಿಲ್ಲತಕ್ಕವಲ್ಲ.

ಮೊದಲು ವಂಶಾವಳಿ. ಜರ್ಮನ್ ವಿಮಾನ ಎಂಜಿನುಗಳ ಸುಧಾರಣೆಗಾಗಿ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮನು 1912ರಲ್ಲಿ ಒಂದು ಬಹುಮಾನವನ್ನು ಸಾರಿದನು. ಮರುವರ್ಷ ಅದು ಬೆಂಜ್ ಸಂಸ್ಥೆಗೆ ಸಂದಿತು. ಡೈಮ್ಲರ್ ಸಂಸ್ಥೆಗೆ ಎರಡನೆಯ ಸ್ಥಾನ. ಆದರೆ ಯುದ್ಧಕಾಲದಲ್ಲಿ ಮೇಲುಗೈಯಾದದ್ದು ಡೈಮ್ಲರಿನ ಮರ್ಸಿಡಿಸ್ ಮನೆತನವೇ. ಸಾಲಾಗಿ ನಿಂತ ಆರು ಬಿಡಿ ಸಿಲಿಂಡರುಗಳು, ಅವನ್ನು ತಣಿಸುವುದಕ್ಕೆ ನೀರು, ಕವಾಟಗಳನ್ನು ತೆರೆದು ಮುಚ್ಚುವುದಕ್ಕೆ ಸಿಲಿಂಡರುಗಳ ತಲೆಯ ಮೇಲೆ ಹಾಯುವ ಒಂದು ದಂಡ, ಇದು ಮರ್ಸಿಡಿಸ್ ಡಿ-3ರ ಲಕ್ಷಣ. ಅದರ ಗಾತ್ರ 14.8 ಲೀಟರು, ಶಕ್ತಿ 160 ಅಶ್ವಶಕ್ತಿ. ಬಿ. ಎಂ. ಡಬ್ಲ್ಯೂ. ಎಂಜಿನಿನಲ್ಲಿಯೂ ಈ ಲಕ್ಷಣಗಳೆಲ್ಲ ಇವೆ. ಅದನ್ನು ರಚಿಸಿದ ಮಾಕ್ಸ್ ಫ್ರಿಟ್ಸ್ ಎಂಬವನು 1917ರ ಜನವರಿಯಲ್ಲಿ ಡೈಮ್ಲರನ್ನು ಬಿಟ್ಟು ಮ್ಯೂನಿಕ್ಕಿನ ರಾಪ್ ಕಾರ್ಖಾನೆಗೆ ಬಂದವನಾದುದರಿಂದ ಸಾಮ್ಯದಲ್ಲಿ ಆಶ್ಚರ್ಯವೇನೂ ಇಲ್ಲ. ಅನುಕರಣವಾದಿಗಳ ವಾದ ಇಲ್ಲಿಗೆ ಮುಗಿಯುತ್ತದೆ. ವಿಚಾರ ಮಾಡತಕ್ಕದ್ದು ಆರಂಭವಾಗುವುದು ಇಲ್ಲಿಂದಲೇ.

ಭೂಮಿಯಿಂದ ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಸುಮಾರು 5,500 ಮೀಟರ್ ಎತ್ತರದಲ್ಲಿ ಅದರ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕೆ ಇಳಿದಿರುತ್ತದೆ. ಉಸಿರು ಕಡಮೆಯಾದ ಎಂಜಿನಿನ ಬಲವೂ ಹಾಗೆಯೆ ಕುಂದುವುದು. ನೆಲದ ಮೇಲೆ 160 ಅಶ್ವಶಕ್ತಿಯೆಂದು ಅಳೆದ ಎಂಜಿನು, ಕಾದಾಟ ನಡೆಯುವ ಎತ್ತರದಲ್ಲಿ ಆ ಹೆಸರಿಗೆ ತಕ್ಕುದಾಗಿ ಉಳಿಯುವುದಿಲ್ಲ. ಫ್ರಿಟ್ಸನು ಸಿಲಿಂಡರುಗಳ ಗಾತ್ರವನ್ನು 19.1 ಲೀಟರಿಗೆ ಹೆಚ್ಚಿಸಿದನು. ಒಳಹೊಕ್ಕ ಮಿಶ್ರಣವನ್ನು ಪಿಸ್ಟನ್ನು ಅದುಮುವ ಪ್ರಮಾಣವನ್ನೂ ಮರ್ಸಿಡಿಸಿನಲ್ಲಿದ್ದುದಕ್ಕಿಂತ ಬಹಳ ಮೇಲಕ್ಕೆ ಒಯ್ದನು. ಇಂಥ ಎಂಜಿನನ್ನು ನೆಲದ ಬಳಿಯ ದಟ್ಟವಾದ ಗಾಳಿಯಲ್ಲಿ ಪೂರ್ಣವಾಗಿ ತೆರೆದರೆ, ಆಗಿನ ಪೆಟ್ರೋಲಿನಿಂದ ಮಿಶ್ರಣವು ಹೊತ್ತಿಗೆ ಮುಂಚೆ ಸಿಡಿದು ಎಂಜಿನೇ ಕೆಡುವ ಭಯವಿತ್ತು. ಆದುದರಿಂದ ಕಾರ್ಬುರೇಟರಿಗೆ ಬೇರೊಂದು ತಡೆಯನ್ನು ಜೋಡಿಸಿ, ತಕ್ಕ ಎತ್ತರವನ್ನು ಮುಟ್ಟುವವರೆಗೂ ಅದನ್ನು ತೆರೆಯಕೂಡದೆಂದು ವಿಧಿಸಿದನು. ಮೇಲೆ ಹೋದಂತೆ ಗಾಳಿ ತೆಳುವಾಗುವುದು, ವಿಮಾನಿಕನು ತಡೆಯನ್ನು ಸಡಿಲಿಸುತ್ತ ಬರುವನು. ನೆಲದಲ್ಲಿ ಕಟ್ಟಿಟ್ಟಿದ್ದ ಬಲವು ಮೇಲೆ ಕೈಗೆ ಬರುವುದು.

ಹೀಗಾಗಿ ಗ್ರಂಥಗಳಲ್ಲಿ ಕಾಣುವ 185 ಅಶ್ವಶಕ್ತಿಯೆಂಬ ಅಂಕಿಯನ್ನು ಮರ್ಸಿಡಿಸಿನ 160ರ ಪಕ್ಕದಲ್ಲಿಟ್ಟು, ‘25 ಹೆಚ್ಚು’ ಎಂದು ಲೆಕ್ಕಹಾಕುವುದು ಸರಿಯಲ್ಲ. ಒಂದು ನೆಲದ ಮೇಲಿನ ಪೂರ್ಣಬಲ. ಇನ್ನೊಂದು ಬೇಕೆಂದೇ ತಡೆಹಿಡಿದ ಬಲ, ಎತ್ತರದಲ್ಲಿಯೂ ಕುಂದದೆ ನಿಲ್ಲಲೆಂದು ಉದ್ದೇಶಿಸಿದ್ದು. ಅಂಕಿಗಳು ಸಮಾನಧರ್ಮದವಲ್ಲ. ಪ್ರಶ್ಯದ ಸೇನಾ ಇಲಾಖೆ ಎಂಜಿನುಗಳನ್ನು ಅಶ್ವಶಕ್ತಿಗೆ ತಕ್ಕಂತೆ ತರಗತಿಗಳಾಗಿ ವಿಂಗಡಿಸಿ, 200ಕ್ಕೆ ಒಳಪಟ್ಟ ಇದನ್ನು ಮೂರನೆಯದರಲ್ಲಿ ಸೇರಿಸಿತು. ಹೆಸರಿನಲ್ಲಿರುವ ‘3’ ಆ ತರಗತಿಯ ಗುರುತೇ ಹೊರತು ಯೋಗ್ಯತೆಯ ಗುರುತಲ್ಲ.

ಹಾಗೆಂದು ಈ ಉಪಾಯವು ಫ್ರಿಟ್ಸನೊಬ್ಬನದೇ ಎನ್ನುವವರ ಮಾತೂ ಒಪ್ಪತಕ್ಕದ್ದಲ್ಲ. ಅಧಿಕವಾಗಿ ಅದುಮಿ ಎತ್ತರಕ್ಕೆ ಸಜ್ಜುಗೊಳಿಸುವ ಕ್ರಮವನ್ನು ಮೈಬಾಖ್ ಸಂಸ್ಥೆ 1916ರಲ್ಲಿಯೆ ತನ್ನ ಎಂಬಿ-4ಎ ಎಂಜಿನಿನಲ್ಲಿ ಅನುಸರಿಸಿತ್ತು. ಅದನ್ನು ಜೆಪ್ಪೆಲಿನ್ ವಾಯುನೌಕೆಗಳಲ್ಲಿ ಬಳಸಿದರು. ಅದು ಭಾರವಾದ ದೊಡ್ಡ ಎಂಜಿನು. ಅದೇ ಗುಣವನ್ನು ಒಬ್ಬನೇ ಕುಳಿತು ಹಾರುವ ಯುದ್ಧವಿಮಾನಕ್ಕೆ ಒಪ್ಪುವಂತೆ ಅಳವಡಿಸಿದುದು ಫ್ರಿಟ್ಸನ ಸ್ವಂತ ಸಾಧನೆ. ಇದಕ್ಕಿಂತ ಕಡಮೆ ಹೇಳಿದರೆ ಅನ್ಯಾಯ. ಹೆಚ್ಚು ಹೇಳಿದರೆ ಮೈಬಾಖರಿಗೆ ಅನ್ಯಾಯ.

ಇನ್ನೊಬ್ಬನ ಹೆಸರಂತೂ ಬಹುಮಟ್ಟಿಗೆ ಅಳಿದೇಹೋಗಿದೆ. ಕಾರ್ಖಾನೆಯನ್ನು ಸ್ಥಾಪಿಸಿದ ಕಾರ್ಲ್ ರಾಪನ ಎಂಜಿನುಗಳು ವಿಪರೀತವಾಗಿ ನಡುಗುತ್ತಿದ್ದುವು. ಸೈನ್ಯವು ಅವನ್ನು ಮೆಚ್ಚಲಿಲ್ಲ. ಫ್ರಿಟ್ಸನು ಅವನ್ನು ತಿದ್ದುವುದಕ್ಕೆ ಬದಲಾಗಿ ಹೊಸದೊಂದನ್ನೇ ಬರೆದನು. 1917ರ ಜುಲೈ 21ರಂದು ಸಂಸ್ಥೆಯ ಹೆಸರಿನಿಂದ ‘ರಾಪ್’ ಹೋಗಿ ‘ಬವೇರಿಯದ ಎಂಜಿನು ಕಾರ್ಖಾನೆ’ ಎಂಬರ್ಥದ ಹೆಸರು ಬಂದಿತು. ಆದರೂ ಹೊಸ ಎಂಜಿನು ರೂಪ ತಳೆದುದು ರಾಪನ ಕಟ್ಟಡದಲ್ಲಿಯೆ, ರಾಪನು ಕೂಡಿಸಿದ ಸಲಕರಣೆಗಳ ನಡುವೆಯೆ.

ಈ ಎಂಜಿನಿನ ಕೀರ್ತಿ ಹರಡಿದ ರೀತಿ ಗ್ರಂಥಸಂಪಾದಕರಿಗೆ ಪರಿಚಿತವಾದ ಒಂದು ತೊಡಕನ್ನು ನೆನಪಿಗೆ ತರುತ್ತದೆ. 1918ರಲ್ಲಿ ರಣರಂಗಕ್ಕೆ ಬಂದ ಫೊಕರ್ ಡಿ-7 ವಿಮಾನಕ್ಕೆ ಎರಡು ಪಾಠಗಳಿದ್ದುವೆನ್ನಬಹುದು. ಹೆಚ್ಚಿನವುಗಳಲ್ಲಿದ್ದುದು ಮರ್ಸಿಡಿಸ್, ಕೆಲವುಗಳಲ್ಲಿ ಮಾತ್ರ ಬಿ. ಎಂ. ಡಬ್ಲ್ಯೂ. ಎರಡನೆಯದರ ಏರುವ ಸಾಮರ್ಥ್ಯ ಬಹಳ ಮಿಗಿಲು. ಎರ್ನ್‌ಸ್ಟ್ ಉಡೆಟ್ಟನಂಥ ನುರಿತ ವಿಮಾನಿಕರು ಅದನ್ನೇ ಬಯಸುತ್ತಿದ್ದರು. ಆದರೆ ಹೊರಗಣ್ಣಿಗೆ ಎರಡೂ ಒಂದೇ, ಹೆಸರೂ ಹೆಚ್ಚುಕಡಮೆ ಒಂದೇ. ಹೀಗೆ ಒಂದು ಪಾಠಕ್ಕೆ ಸಲ್ಲಬೇಕಾದ ಹೊಗಳಿಕೆ ಎರಡಕ್ಕೂ ಹಂಚಿಹೋಯಿತು. 1918ರ ನವೆಂಬರಿನ ಯುದ್ಧವಿರಾಮದ ಕರಾರಿನಲ್ಲಿ ಜರ್ಮನರು ಒಪ್ಪಿಸಬೇಕಾದ 1,700 ವಿಮಾನಗಳ ಪೈಕಿ ಡಿ-7ಗಳನ್ನೆಲ್ಲ ಮೊದಲು ಒಪ್ಪಿಸತಕ್ಕದ್ದೆಂದು ಹೆಸರಿಸಿಯೆ ಬರೆಯಲಾಯಿತು. ಎಂಜಿನಿನ ಮಾತು ಅಲ್ಲಿಲ್ಲ.

ಈ ಸಂಸ್ಥೆಯ ನೀಲಿ-ಬಿಳಿ ಲಾಂಛನವು ತಿರುಗುವ ವಿಮಾನಪಂಖದ ಚಿತ್ರವೆಂಬ ಐತಿಹ್ಯವೂ ಇಂಥದೇ. ಆ ಬಣ್ಣಗಳು ಬವೇರಿಯದವು, ದುಂಡಗಿನ ಆಕಾರ ರಾಪನ ಲಾಂಛನದಿಂದ ಬಂದುದು. ಪಂಖದ ಕಲ್ಪನೆಯನ್ನು ಹಬ್ಬಿಸಿದುದು 1929ರ ಒಂದು ಜಾಹೀರಾತು. ಜಾನಪದ ನಿರುಕ್ತಿಗಳು ಹುಟ್ಟುವುದು ಹಳ್ಳಿಗಳಲ್ಲಿ ಮಾತ್ರವಲ್ಲ.

ಎಂಜಿನಿನ ತತ್ತ್ವವನ್ನು ಪೂರ್ಣವಾಗಿ ಪರೀಕ್ಷಿಸುವ ಸಂದರ್ಭ ಬಂದುದು ಯುದ್ಧವು ಮುಗಿದ ಮೇಲೆ. ಅದೇ ಜಾಡಿನಲ್ಲಿ, ಗಾತ್ರದಲ್ಲಿ ಮಾತ್ರ ಹಿರಿದಾಗಿ ರಚಿತವಾದ ಬಿ. ಎಂ. ಡಬ್ಲ್ಯೂ. 4 ಎಂಜಿನನ್ನು ಹೊತ್ತ ವಿಮಾನದಲ್ಲಿ ಫ್ರಾನ್ಸ್ ಜೆನೊ ಡೀಮರನು 1919ರ ಜೂನ್ 17ರಂದು 9,760 ಮೀಟರ್ ಎತ್ತರಕ್ಕೆ ಏರಿದನು. ಜರ್ಮನಿಯು ಆಗ ಅಂತಾರಾಷ್ಟ್ರೀಯ ವಿಮಾನಸಂಘದ ಹೊರಗಿದ್ದುದರಿಂದ ಈ ಅಂಕಿ ಅಧಿಕೃತ ದಾಖಲೆಗೆ ಸೇರಲಿಲ್ಲ. ಹನ್ನೊಂದು ದಿನಗಳ ಅನಂತರ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದಿತು. ಜರ್ಮನಿಯಲ್ಲಿ ವಿಮಾನ ಎಂಜಿನುಗಳ ತಯಾರಿಕೆ ನಿಷಿದ್ಧವಾಯಿತು. ಫ್ರಿಟ್ಸನು 1923ರ ಹೊತ್ತಿಗೆ ಮೋಟಾರ್ ಸೈಕಲಿನ ರಚನೆಗೆ ತೊಡಗಿದ್ದನು.