ತಡವಾದ ನ್ಯಾಯ ಮತ್ತು ಶ್ರಾವಕರ ಹೊಣೆ

ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಶಿರಪುರದಲ್ಲಿ ಅಂತರಿಕ್ಷ ಪಾರ್ಶ್ವನಾಥ ಸ್ವಾಮಿಯ ಪುರಾತನ ಕ್ಷೇತ್ರವಿದೆ. ದಿಗಂಬರ ಮತ್ತು ಶ್ವೇತಾಂಬರ ಸಂಪ್ರದಾಯಗಳೆರಡಕ್ಕೂ ಅದು ಪೂಜ್ಯ. 1905ರಲ್ಲಿ ಉಭಯ ಸಂಪ್ರದಾಯದವರು ಕೂಡಿ ಪೂಜೆಯ ವೇಳಾಪಟ್ಟಿಯೊಂದನ್ನು ಒಪ್ಪಿಕೊಂಡಿದ್ದರು. ಆ ಒಪ್ಪಂದ ಬಹುಕಾಲ ನಿಲ್ಲಲಿಲ್ಲ. ವಿವಾದವು ಅಕೋಲಾದ ನ್ಯಾಯಾಲಯದಿಂದ ನಾಗಪುರಕ್ಕೆ, ಅಲ್ಲಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಗಿ 1929ರಲ್ಲಿ ತೀರ್ಪು ಕಂಡಿತು. ತೀರ್ಪು ಬಂದರೂ ಕಲಹ ತೀರಲಿಲ್ಲ. 1981ರಲ್ಲಿ ಮಂದಿರಕ್ಕೆ ಬೀಗ ಬಿದ್ದಿತು. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಧ್ಯಂತರ ಆದೇಶವಿತ್ತ ಮೇಲೆ, ಮಾರ್ಚ್ ತಿಂಗಳಿನಲ್ಲಿ ಅದರ ಬಾಗಿಲು ತೆರೆಯಿತು. ನಡುವೆ ಸಂದದ್ದು 42 ವರ್ಷ. ತೆರೆದ ಕೆಲವೇ ದಿನಗಳಲ್ಲಿ ಪುನಃ ಘರ್ಷಣೆ ನಡೆಯಿತು.

ಯಾವ ಪಕ್ಷದ ವಾದ ಸರಿಯೆಂಬುದು ಇಲ್ಲಿ ಪ್ರಸ್ತುತವಲ್ಲ. ದೇಶದ ನ್ಯಾಯವ್ಯವಸ್ಥೆ ಪ್ರಜೆಗೆ ಎಷ್ಟರಮಟ್ಟಿಗೆ ಸೇವೆ ಸಲ್ಲಿಸುತ್ತಿದೆ ಎಂಬ ಪ್ರಶ್ನೆಗೆ ಈ ಪ್ರಕರಣ ಒಂದು ಒರೆಗಲ್ಲು. ನ್ಯಾಯಾಲಯದ ಮೌಲ್ಯವನ್ನು ತೀರ್ಪಿನ ಪಾಂಡಿತ್ಯದಿಂದ ಅಳೆಯುವುದು ವಾಡಿಕೆ. ಆದರೆ ಫಿರ್ಯಾದಿಗೆ ಬೇಕಾದುದು ವಿವಾದದ ಅಂತ್ಯ, ಅದೂ ತನ್ನ ಜೀವಿತಕಾಲದಲ್ಲಿ.

ಮೊದಲು ವ್ಯವಸ್ಥೆಯ ಲೋಪವನ್ನು ನೋಡಬೇಕು. 2023ರ ಮಧ್ಯಭಾಗದ ಹೊತ್ತಿಗೆ ದೇಶದ ಎಲ್ಲ ಹಂತದ ನ್ಯಾಯಾಲಯಗಳಲ್ಲಿ ಬಾಕಿಯಿದ್ದ ಮೊಕದ್ದಮೆಗಳು 5 ಕೋಟಿಯನ್ನು ದಾಟಿದ್ದವು. ಕಾರಣ ಗೂಢವಾದುದಲ್ಲ. ಕಾನೂನು ಆಯೋಗವು 1987ರ ತನ್ನ 120ನೆಯ ವರದಿಯಲ್ಲಿ, 10 ಲಕ್ಷ ಜನಸಂಖ್ಯೆಗೆ ಸುಮಾರು 10 ನ್ಯಾಯಾಧೀಶರಷ್ಟೇ ಇರುವುದನ್ನು ತೋರಿಸಿ, ಆ ಸಂಖ್ಯೆಯನ್ನು 50ಕ್ಕೆ ಏರಿಸಬೇಕೆಂದು ಶಿಫಾರಸು ಮಾಡಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಐದು ವರ್ಷಗಳಲ್ಲಿ ಆ ಗುರಿ ತಲುಪಬೇಕೆಂದು ನಿರ್ದೇಶಿಸಿತು. 2024ರಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಂತೆ, ಮಂಜೂರಾದ ಹುದ್ದೆಗಳನ್ನೆಲ್ಲ ಎಣಿಸಿದರೂ ಆ ಸಂಖ್ಯೆ ಸುಮಾರು 21. ಖಾಲಿ ಹುದ್ದೆಗಳನ್ನು ಕಳೆದರೆ ಇನ್ನೂ ಕಡಿಮೆ. ಹತ್ತು ಮಂದಿ ತೂಗಬೇಕಾದ ಸರಕನ್ನು ನಾಲ್ವರ ಕೈಗೊಪ್ಪಿಸಿ, ಅಂಗಡಿಯ ಮುಂದೆ ಸಾಲು ಏಕೆ ಬೆಳೆಯಿತೆಂದು ಕೇಳುವಂತಿದೆ ಈ ಸ್ಥಿತಿ.

ಡಿಕ್ರಿ ದೊರೆತ ಮಾತ್ರಕ್ಕೆ ಕಷ್ಟ ಮುಗಿಯುವುದಿಲ್ಲ. ಭಾರತದಲ್ಲಿ ಕಕ್ಷಿದಾರನ ತೊಂದರೆ ಡಿಕ್ರಿ ಪಡೆದ ಮೇಲೆ ಆರಂಭವಾಗುತ್ತದೆಂಬುದನ್ನು ಪ್ರಿವಿ ಕೌನ್ಸಿಲ್ 1872ರಷ್ಟು ಹಿಂದೆಯೇ ಗುರುತಿಸಿತ್ತು. ಬೆಂಗಳೂರಿನ ಆಸ್ತಿಯೊಂದರ ವ್ಯಾಜ್ಯದಲ್ಲಿ 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಅಪ್ಪಣೆ ಮಾಡಬೇಕಾಯಿತು. ಸುಮಾರು ಒಂದೂವರೆ ಶತಮಾನದ ಬಳಿಕವೂ ಅದೇ ಮಾತನ್ನು ಹೇಳಬೇಕಾಗಿ ಬಂದುದು ವ್ಯವಸ್ಥೆಗೆ ಭೂಷಣವಲ್ಲ.

ಹಾಗೆಂದು ಜಮೆಯ ಬದಿಯನ್ನು ಮರೆತರೆ ಲೆಕ್ಕ ಸುಳ್ಳಾಗುತ್ತದೆ. 1979ರಲ್ಲಿ ಹುಸ್ಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಸೆರೆಮನೆಗಳ ಸ್ಥಿತಿ ನ್ಯಾಯಾಲಯದ ಮುಂದೆ ಬಂದಿತು. ತಮ್ಮ ಅಪರಾಧಕ್ಕೆ ವಿಧಿಸಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದವರು ಅಲ್ಲಿದ್ದರು. ಶೀಘ್ರ ವಿಚಾರಣೆಯೂ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1995ರ ನವೆಂಬರ್ 9ರಂದು ಜಾರಿಗೆ ಬಂದು, ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಬಂಧನದಲ್ಲಿರುವವರಿಗೆ ಆದಾಯವನ್ನು ನೋಡದೆ ಉಚಿತ ವಕೀಲರ ನೆರವನ್ನು ದೊರಕಿಸಿತು. ಜೈನ ಸಮಾಜಕ್ಕೂ ಈ ಋಣವುಂಟು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯೆಂದು ಎಣಿಸಿದಾಗ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಮೂರು ವಾರದಲ್ಲಿ ರಕ್ಷಣೆ ದೊರೆಯಿತು. ಆದರೆ ವರ್ಷಗಳುರುಳಿದರೂ ಅಂತಿಮ ನಿರ್ಣಯ ಬರಲಿಲ್ಲ. ವ್ಯವಸ್ಥೆಯ ಗುಣ ದೋಷಗಳೆರಡೂ ಈ ಒಂದು ಪ್ರಕರಣದಲ್ಲಿವೆ.

ಇಲ್ಲಿಯವರೆಗಿನ ಟೀಕೆಯನ್ನು ಯಾರೂ ಒಪ್ಪುವರು. ಮುಂದಿನದು ಕಹಿಯಾದೀತು. ವಿಳಂಬವು ಎಲ್ಲರಿಗೂ ಸಮಾನವಾದ ಕಷ್ಟವೆಂಬ ನಂಬಿಕೆ ತಪ್ಪು. ಯಾರ ಸ್ವಾಧೀನದಲ್ಲಿ ವಸ್ತುವಿದೆಯೋ, ವಿಳಂಬ ಅವರ ಪಕ್ಷ. ಪಿತ್ರಾರ್ಜಿತ ಕಟ್ಟಡದ ಬಾಡಿಗೆಯನ್ನು ಅಣ್ಣ ತಿಂಗಳು ತಿಂಗಳೂ ವಸೂಲು ಮಾಡುತ್ತಾನೆ. ಪಾಲು ಕೇಳಿದ ತಂಗಿ ವಾಯಿದೆಯಿಂದ ವಾಯಿದೆಗೆ ಅಲೆಯುತ್ತಾಳೆ. ಹಿಂದೂ ಉತ್ತರಾಧಿಕಾರ ಅಧಿನಿಯಮ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕನ್ನಿತ್ತಿತು. ತಂದೆ ಆ ದಿನ ಬದುಕಿರಬೇಕಾಗಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಂಶಯವನ್ನೂ ನಿವಾರಿಸಿತು. ಕಾನೂನು ಕೊಟ್ಟದ್ದನ್ನು ಕಾಲಹರಣ ಕಿತ್ತುಕೊಳ್ಳುತ್ತದೆ.

ತತ್ತ್ವಾರ್ಥಸೂತ್ರವು ಕೊಡದಿರುವುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ನಿರೂಪಿಸುತ್ತದೆ. ಪರರ ಪಾಲನ್ನು ವಾಯಿದೆಗಳ ಆಸರೆಯಲ್ಲಿ ಅನುಭವಿಸುವುದು ಅದತ್ತಾದಾನವಲ್ಲದೆ ಮತ್ತೇನು? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರಗಳು ಸೇರಿವೆ. ಹಿಂದಿನ ದಿನಾಂಕ ಹಾಕಿದ ಪತ್ರ, ಕಾಯಿಲೆಯಿಲ್ಲದವನ ವೈದ್ಯಕೀಯ ಪ್ರಮಾಣಪತ್ರ ಇವು ಮೊದಲನೆಯದು. ಒಪ್ಪಿಸಿದ ಧನವನ್ನು ಹಿಂತಿರುಗಿಸದಿರುವುದು ಎರಡನೆಯದು. ಮಂದಿರದ ಟ್ರಸ್ಟಿಗಳು ಇದನ್ನು ವಿಶೇಷವಾಗಿ ನೆನೆಯಬೇಕು. ವಕೀಲರು ಹೇಳಿದಂತೆ ಸಹಿ ಮಾಡಿದೆವೆಂಬ ಸಮಾಧಾನವೂ ನಿಲ್ಲದು. ಕೃತ, ಕಾರಿತ, ಅನುಮೋದಿತ ಈ ಮೂರರಿಂದಲೂ ಕರ್ಮಬಂಧವಾಗುತ್ತದೆಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು.

ಹಾಗಾದರೆ ನ್ಯಾಯಾಲಯದ ಮೆಟ್ಟಿಲು ಹತ್ತುವುದೇ ದೋಷವೆ? ಅಲ್ಲ. 'ಮನೆಯ ಮಾತು ಮನೆಯಲ್ಲಿಯೇ ಇರಲಿ' ಎಂಬ ಹಿರಿಯರ ಬುದ್ಧಿವಾದ ಅನೇಕ ವೇಳೆ ವಿಧವೆಯ ಮತ್ತು ಮಗಳ ಬಾಯಿ ಮುಚ್ಚಿಸುವ ಉಪಾಯವಾಗಿದೆ. ಬಲಹೀನರಿಗೆ ನ್ಯಾಯಾಲಯವೇ ಶರಣು. ಅವರು ಅಲ್ಲಿಗೆ ಹೋದರೆ ಸಮಾಜದ ಮಾನ ಹೋಗುವುದಿಲ್ಲ. ಸಮಬಲರ ನಡುವಿನ ವ್ಯಾಜ್ಯದ ಮಾತು ಬೇರೆ. ಎರಡು ಟ್ರಸ್ಟುಗಳು, ಒಂದೇ ಟ್ರಸ್ಟಿನ ಎರಡು ಗುಂಪುಗಳು, ಲಾಭದ ಲೆಕ್ಕದಲ್ಲಿ ಮುನಿಸಿಕೊಂಡ ಇಬ್ಬರು ಪಾಲುದಾರರು ಮೊದಲು ಮಧ್ಯಸ್ಥಿಕೆಯ ದಾರಿ ಹಿಡಿಯುವುದು ಯುಕ್ತ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಪ್ರಕರಣವು 2002ರಿಂದ ಇದಕ್ಕೆ ಅವಕಾಶವಿತ್ತಿದೆ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಆರಂಭವಾಯಿತು. 2023ರಲ್ಲಿ ಪ್ರತ್ಯೇಕ ಮಧ್ಯಸ್ಥಿಕೆ ಅಧಿನಿಯಮವೂ ಬಂದಿತು. ವಸ್ತುವಿಗೆ ಅನೇಕ ಮುಖಗಳುಂಟೆಂದು ಪ್ರವಚನಗಳಲ್ಲಿ ಕೇಳುವ ಸಮಾಜಕ್ಕೆ, ಎದುರಾಳಿಯ ಮಾತಿನಲ್ಲಿ ಒಂದಂಶವಾದರೂ ಸತ್ಯವಿದ್ದೀತೆಂದು ಒಪ್ಪಿ ಕುಳಿತುಕೊಳ್ಳುವುದು ಕಷ್ಟವಾಗಬಾರದು. ಶಿರಪುರದಲ್ಲಿ ಕಷ್ಟವಾಯಿತು. ಅಲ್ಲಿ ಅಡ್ಡಬಂದುದು ಕಾನೂನಿನ ಕೊರತೆಗಿಂತ ಹೆಚ್ಚಾಗಿ ಮಾನಕಷಾಯ.

ನ್ಯಾಯಾಧೀಶರ ಸಂಖ್ಯೆಯನ್ನು ಹೆಚ್ಚಿಸುವುದು ಸರ್ಕಾರದ ಕೆಲಸ. ಅದನ್ನು ಒತ್ತಾಯಿಸುವುದು ಪ್ರಜೆಗಳ ಹಕ್ಕು. ಶ್ರಾವಕರೂ ಟ್ರಸ್ಟುಗಳೂ ಸ್ವತಃ ಮಾಡಬಹುದಾದ ಮೂರು ಕಾರ್ಯಗಳಿವೆ. ಪ್ರತಿ ಟ್ರಸ್ಟು ದಾವೆಗೆ ಮುನ್ನ ಮಧ್ಯಸ್ಥಿಕೆಯೆಂಬ ನಿಯಮವನ್ನು ತನ್ನ ನಡಾವಳಿಯಲ್ಲಿ ಬರೆದಿಡಲಿ. ವ್ಯಾಜ್ಯಕ್ಕೆ ತಗುಲಿದ ವೆಚ್ಚವನ್ನು ಇತರ ಖರ್ಚಿನಲ್ಲಿ ಸೇರಿಸದೆ, ಪ್ರತ್ಯೇಕ ಶೀರ್ಷಿಕೆಯಲ್ಲಿ ವಾರ್ಷಿಕ ಮಹಾಸಭೆಯ ಮುಂದಿಡಲಿ. ಭಕ್ತರು ಕಾಣಿಕೆಯಾಗಿ ಕೊಟ್ಟ ಹಣ ಎಷ್ಟು ಪೂಜೆಗೆ, ಎಷ್ಟು ಕಲಹಕ್ಕೆ ಹೋಯಿತೆಂಬುದು ಅವರಿಗೆ ತಿಳಿಯಬೇಕು. ಉಚಿತ ಕಾನೂನು ನೆರವಿನ ವಿವರವನ್ನು ಬಸದಿಯ ಸೂಚನಾಫಲಕದಲ್ಲಿ ಹಚ್ಚಲಿ.

ಕುಟುಂಬಗಳಿಗೆ ಒಂದೇ ಸೂಚನೆ ಸಾಕು. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಕೈಜೋಡಿಸಿ ಕ್ಷಮೆ ಕೇಳುವ ಮುನ್ನ, ತಂಗಿಗೆ ಸಲ್ಲಬೇಕಾದ ಪಾಲು ಸಂದಿದೆಯೇ ಎಂದು ಲೆಕ್ಕ ನೋಡಬೇಕು. ಸಲ್ಲದಿದ್ದರೆ ಮೊದಲು ಅದನ್ನು ಸಲ್ಲಿಸಬೇಕು. ಕ್ಷಮೆಯ ಮಾತು ಅದರ ನಂತರದ್ದು.