ತೋರಿಕೆಯ ಮನೆ: ಕೆಡಲ್‌ಸ್ಟನ್ ಹಾಲ್ ಕುರಿತು ಒಂದು ಟಿಪ್ಪಣಿ

ಇಂಗ್ಲೆಂಡಿನ ಗ್ರಾಮಾಂತರ ಸೌಧಗಳನ್ನು ಕುರಿತ ಬರಹಗಳಲ್ಲಿ ಒಂದು ರೂಢಿ ಬಲವಾಗಿ ಬೇರೂರಿದೆ. ಕಟ್ಟಿದ ಕಾಲ, ವಾಸ್ತುಶಿಲ್ಪಿ, ಶೈಲಿ ಇವು ಮೊದಲ ಅಧ್ಯಾಯಕ್ಕೆ ಸೇರುತ್ತವೆ. ಆ ಮನೆ ಮುಂದೆ ಸೈನ್ಯದ ಠಾಣ್ಯವೋ ವಸ್ತುಸಂಗ್ರಹಾಲಯವೋ ಆದ ಕಥೆ ಕೊನೆಯ ಅಧ್ಯಾಯಕ್ಕೆ. ಮೊದಲನೆಯದು ಉತ್ಕರ್ಷ, ಎರಡನೆಯದು ಇಳಿಗಾಲ ಎಂಬ ಧ್ವನಿಯೂ ಇದರಲ್ಲಿ ಅಡಗಿದೆ. ಡರ್ಬಿಶೈರಿನ ಕೆಡಲ್‌ಸ್ಟನ್ ಹಾಲ್ ಈ ವಿಂಗಡಣೆಗೆ ಒಗ್ಗುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

1758ರಲ್ಲಿ ಆಸ್ತಿಗೆ ಒಡೆಯನಾದ ಸರ್ ನಥಾನಿಯಲ್ ಕರ್ಜನ್ ಹಳೆಯ ಮನೆಯ ಜಾಗದಲ್ಲಿ ಹೊಸದನ್ನು ಎಬ್ಬಿಸತೊಡಗಿದನು. ಮ್ಯಾಥ್ಯೂ ಬ್ರೆಟಿಂಗ್‌ಹ್ಯಾಮ್, ಜೇಮ್ಸ್ ಪೇನ್ ಇವರ ಕೈದಾಟಿ ಕೆಲಸ ರಾಬರ್ಟ್ ಆಡಮ್‌ನಿಗೆ ಬಂದಿತು. ನಡುವೆ ಮುಖ್ಯ ಕಟ್ಟಡ, ಅದರ ಮೂಲೆಗಳಿಂದ ಬಾಗಿ ಹೊರಡುವ ಹಾದಿಗಳು, ಅವುಗಳ ತುದಿಗೆ ನಾಲ್ಕು ಪಾರ್ಶ್ವಸೌಧಗಳು: ಪಲ್ಲಾಡಿಯೊನಿಂದ ಪಡೆದ ಈ ನಕ್ಷೆಯಲ್ಲಿ ಕೈಗೂಡಿದವು ಉತ್ತರದ ಎರಡು ಪಾರ್ಶ್ವಗಳು ಮಾತ್ರ. ಒಂದರಲ್ಲಿ ಕುಟುಂಬದ ವಾಸ, ಇನ್ನೊಂದರಲ್ಲಿ ಅಡುಗೆ. ಹಾಗಾದರೆ ನಡುವಿನ ಕಟ್ಟಡ ಯಾರಿಗಾಗಿ? ಇಪ್ಪತ್ತು ಅಲಬಾಸ್ಟರ್ ಕಂಬಗಳ ಹಜಾರ, ಅದರ ಹಿಂದೆ 62 ಅಡಿ ಎತ್ತರದ ಗುಮ್ಮಟದ ಕೆಳಗಿನ ವೃತ್ತಾಕಾರದ ಸಭಾಗೃಹ, ದಕ್ಷಿಣದ ಮುಖಕ್ಕೆ ರೋಮಿನ ಕಾನ್‌ಸ್ಟಂಟೈನನ ವಿಜಯದ್ವಾರದ ಛಾಯೆ. ನೋಟಕ್ಕೆ ಅಡ್ಡವಾಗಿದ್ದ ಹಳ್ಳಿಯನ್ನೇ ಎತ್ತಿ ಬೇರೆಡೆ ಇಡಲಾಯಿತು. ಚರ್ಚು ಮಾತ್ರ ಉಳಿಯಿತು. ಬಂದವರಿಗೆ ಮನೆಯ ಮೇಲ್ವಿಚಾರಕಿ ಮಿಸೆಸ್ ಗಾರ್ನೆಟ್ ಚಿತ್ರಗಳ ಪಟ್ಟಿ ಹಿಡಿದು ಎಲ್ಲವನ್ನೂ ತೋರಿಸುತ್ತಿದ್ದಳು.

1777ರಲ್ಲಿ ಬಾಸ್ವೆಲ್ಲನೊಡನೆ ಬಂದ ಡಾ. ಜಾನ್ಸನ್, ಹಜಾರ ನ್ಯಾಯಾಧೀಶರು ಕೂರಲು, ವೃತ್ತಾಕಾರದ ಕೋಣೆ ಜ್ಯೂರಿಗೆ, ಮೇಲಿನದು ಕೈದಿಗಳಿಗೆ ಆದೀತೆಂದನು. ಇದನ್ನು ವಿನೋದವೆಂದು ಉದ್ಧರಿಸಿ ಬಿಡುವುದು ವಾಡಿಕೆ. ನಮಗೆ ಇದು ಆ ಮನೆಯ ಮೇಲೆ ಬಂದ ಅತ್ಯಂತ ನಿಖರವಾದ ವಿಮರ್ಶೆಯಾಗಿ ಕಾಣುತ್ತದೆ. ವಾಸಕ್ಕೆ ಒದಗದ ಆ ಕೋಣೆಗಳಲ್ಲಿ ಆತ ಅಧಿಕಾರದ ವಿನ್ಯಾಸವನ್ನು ಗುರುತಿಸಿದ್ದನು.

ಹಾಗೆ ಗುರುತಿಸಿದ್ದು ಒಂದು ತಲೆಮಾರಿನೊಳಗೆ ಬೇರೊಂದು ನೆಲದಲ್ಲಿ ನಿಜವಾಯಿತು. ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ವೆಲ್ಲೆಸ್ಲಿ ಕಲ್ಕತ್ತೆಯಲ್ಲಿ ಗೌರ್ನಮೆಂಟ್ ಹೌಸನ್ನು ಆರಂಭಿಸಿದನು. 1803ರ ವೇಳೆಗೆ ಅದು ಸಿದ್ಧವಾಯಿತು. ಚಾರ್ಲ್ಸ್ ವ್ಯಾಟ್ ಕೆಡಲ್‌ಸ್ಟನ್ನಿನ ನಕ್ಷೆಯನ್ನೇ ಮಾದರಿಯಾಗಿಟ್ಟುಕೊಂಡು ನಾಲ್ಕು ಪಾರ್ಶ್ವಗಳನ್ನೂ ಪೂರ್ತಿ ಕಟ್ಟಿದನು. ಕಲ್ಲಿನ ಬದಲು ಇಟ್ಟಿಗೆ, ಅಲಬಾಸ್ಟರಿನ ಬದಲು ನಯಗೊಳಿಸಿದ ಸುಣ್ಣದ ಗಾರೆ. ಚಾಚಿದ ಪಾರ್ಶ್ವಗಳು ಬಂಗಾಳದ ಸೆಕೆಯಲ್ಲಿ ಗಾಳಿಗೆ ದಾರಿ ಮಾಡಿಕೊಟ್ಟವು. ಆದರೆ ಅಡುಗೆಮನೆಗೆ ಅಲ್ಲಿ ಪಾರ್ಶ್ವದ ಸ್ಥಾನವಿರಲಿಲ್ಲ. ಅದು ಆವರಣದ ಹೊರಗೆ ಹೋಯಿತು, ಊಟ ಪೆಟ್ಟಿಗೆಗಳಲ್ಲಿ ಆಳುಗಳ ಹೆಗಲೇರಿ ಬರುತ್ತಿತ್ತು. ಇದನ್ನು ಕೇವಲ ನಕಲು ಎನ್ನುವವರು ಈ ಒಂದು ವ್ಯತ್ಯಾಸವನ್ನಾದರೂ ಗಮನಿಸಬೇಕಿತ್ತು. ಯಜಮಾನನಿಗೂ ಸೇವಕನಿಗೂ ನಡುವಿನ ಅಂತರ ನಕ್ಷೆಯಲ್ಲೇ ಹಿಗ್ಗಿದೆ.

1859ರಲ್ಲಿ ಕೆಡಲ್‌ಸ್ಟನ್ನಿನಲ್ಲಿ ಹುಟ್ಟಿದ ಜಾರ್ಜ್ ಕರ್ಜನ್ 1899ರಲ್ಲಿ ವೈಸ್‌ರಾಯ್ ಆಗಿ ಬಂದದ್ದು ಈ ಎರಡನೆಯ ಮನೆಗೆ. ಏಷ್ಯಾದಲ್ಲಿ ಆತ ಕೂಡಿಹಾಕಿದ ವಸ್ತುಗಳು, ಆತ ತೀರಿಕೊಂಡ ಎರಡು ವರ್ಷಗಳ ಅನಂತರ, 1927ರಲ್ಲಿ ಮೊದಲ ಮನೆಯ ಕೆಳ ಅಂತಸ್ತಿನಲ್ಲಿ ‘ಪೌರಸ್ತ್ಯ ವಸ್ತುಸಂಗ್ರಹಾಲಯ’ವಾಗಿ ನೆಲೆಗೊಂಡವು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿ ಸೈನ್ಯ ಬೀಡುಬಿಟ್ಟಿತು. 1987ರಲ್ಲಿ ಸೌಧ ನ್ಯಾಷನಲ್ ಟ್ರಸ್ಟಿನ ಸ್ವಾಧೀನಕ್ಕೆ ಬಂದಿತು.

ಟ್ರಸ್ಟು 2020ರಲ್ಲಿ ತನ್ನ 93 ಸ್ಥಳಗಳಿಗೆ ವಸಾಹತುಶಾಹಿ ಮತ್ತು ಗುಲಾಮಗಿರಿಯೊಡನಿದ್ದ ನಂಟನ್ನು ವರದಿಯಾಗಿ ಪ್ರಕಟಿಸಿದಾಗ, ಸೌಂದರ್ಯದೊಳಗೆ ರಾಜಕೀಯವನ್ನು ಬೆರೆಸಲಾಗಿದೆಯೆಂಬ ಆಕ್ಷೇಪ ಬ್ರಿಟನ್ನಿನಲ್ಲಿ ಎದ್ದಿತು. ಕೆಡಲ್‌ಸ್ಟನ್ನಿನ ಮಟ್ಟಿಗೆ ಈ ಆಕ್ಷೇಪಕ್ಕೆ ನೆಲೆ ಕಡಿಮೆ. ಡರ್ಬಿಶೈರಿನಲ್ಲಿ ಅರ್ಧಕ್ಕೆ ನಿಂತ ನಕ್ಷೆ ಕಲ್ಕತ್ತೆಯಲ್ಲಿ ಮುಗಿದಿರುವಾಗ, ಎರಡನೆಯದನ್ನು ಅಡಿಟಿಪ್ಪಣಿಗೆ ತಳ್ಳಿ ಮೊದಲನೆಯದರ ವಾಸ್ತುವನ್ನು ವಿವರಿಸುವುದು ಹೇಗೆ? ವರದಿಯ ಮಿತಿಯನ್ನೂ ಹೇಳಬೇಕು: ಅದು ಒಡೆತನವನ್ನೂ ಹಣದ ಮೂಲವನ್ನೂ ಹುಡುಕಿತೇ ವಿನಾ ಕೋಣೆಗಳ ಜೋಡಣೆಯನ್ನು ಓದಲು ಹೊರಡಲಿಲ್ಲ. ಎರಡೂ ಮನೆಗಳ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು, ಅಡುಗೆಮನೆಯಿಂದಲೇ ತೊಡಗಿ ಒಂದೊಂದು ಕೋಣೆಯನ್ನೂ ಹೋಲಿಸುವ ಕೆಲಸಕ್ಕೆ ಇಲ್ಲಿನ ಸಂಶೋಧಕರು ಕೈಹಾಕಬಹುದು. ಅವುಗಳಲ್ಲಿ ಒಂದು ಕೋಲ್ಕತ್ತದಲ್ಲಿ, ರಾಜ್ಯಪಾಲರ ನಿವಾಸವಾಗಿ, ಇಂದಿಗೂ ಬಳಕೆಯಲ್ಲಿದೆ.