ದ್ರವ ಲೋಹದ ಎಕ್ಸ್-ರೇ: ಹೊಗಳಿಕೆ ಎಷ್ಟು, ಹುರುಳೆಷ್ಟು?

ಎಕ್ಸ್-ರೇ ಕೊಳವೆಯ ಹುಟ್ಟುಕಾಯಿಲೆ ಶಾಖ. ಲೋಹದ ಗುರಿಗೆ ಬಡಿಯುವ ಎಲೆಕ್ಟ್ರಾನುಗಳ ಶಕ್ತಿಯಲ್ಲಿ ಶೇ. 1ರಷ್ಟೂ ಎಕ್ಸ್-ರೇ ಆಗುವುದಿಲ್ಲ, ಉಳಿದದ್ದೆಲ್ಲ ಕಾವು. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಿರಣವನ್ನು ಪ್ರಖರಗೊಳಿಸಲು ಹೊರಟವರು ಆನೋಡಿನ, ಅಂದರೆ ಆ ಗುರಿಯ, ಹಿಂದೆ ನೀರು ಹರಿಸಿದರು, ಆನೋಡನ್ನೇ ಗಿರಗಿರನೆ ತಿರುಗಿಸಿದರು. ಕೊನೆಗೆ ಎಲ್ಲರೂ ನಿಂತದ್ದು ಲೋಹ ಕರಗುವ ಆ ಮಿತಿಯ ಮುಂದೆಯೇ. ಸ್ಟಾಕ್‌ಹೋಮಿನ ಕೆಟಿಎಚ್ ಸಂಸ್ಥೆಯ ಹಾನ್ಸ್ ಹರ್ಟ್ಸ್ ಮತ್ತು ಸಂಗಡಿಗರು 2003ರಲ್ಲಿ ಮುಂದಿಟ್ಟ ಉಪಾಯವೇ ಬೇರೆ: ಕರಗೀತೆಂಬ ಭಯವೇಕೆ, ಕರಗಿದ ಲೋಹವನ್ನೇ ಗುರಿ ಮಾಡಿದರಾಯಿತು.

ಈಗಿನ ಯಂತ್ರಗಳಲ್ಲಿ ಬಳಕೆಯಾಗುವುದು ಹೆಚ್ಚಾಗಿ ಗ್ಯಾಲಿಯಂ ಮಿಶ್ರಲೋಹ. ಗ್ಯಾಲಿಯಂ ಸುಮಾರು 30 ಡಿಗ್ರಿಗೇ ಕರಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಾದರೆ ಮೇಜಿನ ಮೇಲೇ ನೀರಾದೀತು. ನಿರ್ವಾತದೊಳಗೆ ಅದರ ಸಣ್ಣ ಧಾರೆ ರಭಸದಿಂದ ಚಿಮ್ಮುತ್ತದೆ, ಎಲೆಕ್ಟ್ರಾನುಗಳ ಪೆಟ್ಟು ತಿಂದ ಲೋಹ ಮುಂದೆ ಸಾಗಿಬಿಡುತ್ತದೆ, ಆ ಜಾಗಕ್ಕೆ ಹೊಸ ಲೋಹ ಬರುತ್ತದೆ. ಹೊರಬರುವ ಕಿರಣದ ಶಕ್ತಿ 9.25 ಕಿಲೋ ಎಲೆಕ್ಟ್ರಾನ್ ವೋಲ್ಟ್, ತಾಮ್ರದ 8.05ರ ಆಸುಪಾಸು. ವಿನ್ಯಾಸದ ಮಟ್ಟಿಗೆ ಇಷ್ಟು ಜಾಣತನದ ಉಪಕರಣ ಅಪರೂಪ.

ತಕರಾರಿರುವುದು ‘ಮನೆಯಲ್ಲೇ ಸಿಂಕ್ರೊಟ್ರಾನ್’ ಎಂಬ ಧಾಟಿಯ ಮಾತುಗಳ ಬಗ್ಗೆ. ಸಿಂಕ್ರೊಟ್ರಾನ್ ಎಂದರೆ ಎಲೆಕ್ಟ್ರಾನುಗಳನ್ನು ದೊಡ್ಡ ಉಂಗುರದಲ್ಲಿ ಸುತ್ತಿಸಿ ಬಲು ಪ್ರಖರ ಎಕ್ಸ್-ರೇ ಪಡೆಯುವ ಕೇಂದ್ರ. ಪ್ರೋಟೀನಿನ ರಚನೆ ತಿಳಿಯುವ ಕೆಲಸವನ್ನೇ ನೋಡಿ. ಪ್ರೋಟೀನ್ ಹರಳು ಚದುರಿಸಿದ ಕಿರಣಗಳ ತೀವ್ರತೆಯನ್ನು ಡಿಟೆಕ್ಟರ್ ಅಳೆಯುತ್ತದೆ, ಅಲೆಯ ಫೇಸ್, ಅಂದರೆ ಏರಿಳಿತದಲ್ಲಿ ಅದು ಯಾವ ಹಂತದಲ್ಲಿದೆ ಎಂಬ ಮಾಹಿತಿ, ಮಾತ್ರ ಕಳೆದುಹೋಗುತ್ತದೆ; ಅದಿಲ್ಲದೆ ರಚನೆ ಸಿಗದು. ಅದನ್ನು ಮರಳಿ ಪಡೆಯುವ ಜನಪ್ರಿಯ ದಾರಿಯೆಂದರೆ ಪ್ರೋಟೀನಿಗೆ ಸೆಲೆನಿಯಂ ಸೇರಿಸಿ, 12.66 ಕಿಲೋ ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿಗೆ ಕಿರಣವನ್ನು ಹೊಂದಿಸುವುದು. ಸಿಂಕ್ರೊಟ್ರಾನಿನಲ್ಲಿ ತರಂಗಾಂತರ ಬೇಕಾದಂತೆ ಬದಲಾಗುತ್ತದೆ; ಗ್ಯಾಲಿಯಂ ಧಾರೆ ತನ್ನದೊಂದೇ ರಾಗ ಹಾಡುತ್ತದೆ. ಆದರೂ ಈ ಕೊರತೆ ಮೊದಲಿನಷ್ಟು ಬಾಧಿಸುವುದಿಲ್ಲ. 2021ರಲ್ಲಿ ಪ್ರೋಟೀನಿನ ಆಕಾರ ಊಹಿಸುವ ತಂತ್ರಾಂಶ ಆಲ್ಫಾಫೋಲ್ಡ್ ಎಲ್ಲರ ಕೈಗೆ ಸಿಕ್ಕ ಮೇಲೆ, ಅದು ಊಹಿಸಿದ ಮಾದರಿಯಿಂದಲೇ ಎಷ್ಟೋ ಸಲ ಫೇಸ್ ಸಿಗುತ್ತದೆ. ಯಂತ್ರ ತಯಾರಕರು ಇದನ್ನೇಕೆ ಇನ್ನಷ್ಟು ಜೋರಾಗಿ ಸಾರುತ್ತಿಲ್ಲವೋ!

ಪ್ರಯೋಗಾಲಯದ ಯಂತ್ರವನ್ನು ಹಗುರವಾಗಿ ಕಾಣುವವರಿಗೂ ಒಂದು ಮಾತು. 1952ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ರೇಮಂಡ್ ಗಾಸ್ಲಿಂಗ್ ಡಿಎನ್ಎಯ ಎಕ್ಸ್-ರೇ ಚಿತ್ರ ‘ಫೋಟೊ 51’ ತೆಗೆದದ್ದು ಸೂಕ್ಷ್ಮ ನಾಭಿಯ (ಮೈಕ್ರೊಫೋಕಸ್) ಎಕ್ಸ್-ರೇ ಕೊಳವೆಯಿಂದ, 60 ಗಂಟೆಗೂ ಮೀರಿ ಕಿರಣ ಹಾಯಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ತಂಡ 1994ರಲ್ಲಿ ಕಡಲೆಕಾಯಿಯ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆ ಪ್ರಕಟಿಸಿದಾಗ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್ ಇನ್ನೂ ಇರಲೇ ಇಲ್ಲ. ಬೆಳೆದ ಹರಳು ಪ್ರೋಟೀನಿನದೋ ಉಪ್ಪಿನದೋ ಎಂದು ಅದೇ ಸಂಜೆ ತಿಳಿಯಲು, ವಿದ್ಯಾರ್ಥಿ ಹೆದರದೆ ತಪ್ಪುಮಾಡಿ ಕಲಿಯಲು ಪಕ್ಕದ ಕೋಣೆಯ ಯಂತ್ರವೇ ಬೇಕು.

ದ್ರವ ಲೋಹದ ಧಾರೆ ನಿಜವಾಗಿ ಗೆದ್ದಿರುವುದು ಚಿತ್ರಣದಲ್ಲಿ. ಮೃದು ಅಂಗಾಂಶಗಳು ಎಕ್ಸ್-ರೇಯನ್ನು ಹೀರುವುದು ಕಡಿಮೆ; ಅವುಗಳ ಒಳವಿವರ ತೋರುವುದು ಅಲೆಯ ಫೇಸಿನಲ್ಲಾಗುವ ಅತಿ ಸಣ್ಣ ಪಲ್ಲಟದಿಂದ. ಅದಕ್ಕೆ ಬೇಕಾದ ಕಿರಿದಾದ, ಪ್ರಖರವಾದ ಚುಕ್ಕೆ ಇಲ್ಲಿದೆ. ಜರ್ಮನಿಯ ಗಟಿಂಗೆನ್ ತಂಡವೊಂದು 2018ರಲ್ಲಿ ಮನುಷ್ಯನ ಕಿರುಮೆದುಳಿನ ತುಣುಕನ್ನು ಸಿಂಕ್ರೊಟ್ರಾನಿನ ಜೊತೆಗೆ ಇಂಥ ಯಂತ್ರದಲ್ಲೂ ಚಿತ್ರಿಸಿ, ಒತ್ತೊತ್ತಾಗಿರುವ ನರಕೋಶಗಳನ್ನು ಒಂದೊಂದಾಗಿ ಗುರುತಿಸಿ ತೋರಿಸಿತು.

ಹಾಗಾಗಿ ಖರೀದಿ ಸಮಿತಿಗಳಿಗೆ ನನ್ನ ಸಲಹೆ ಇಷ್ಟೆ: ಹರಳು ಪರೀಕ್ಷಿಸುವುದಷ್ಟೇ ಉದ್ದೇಶವಾಗಿದ್ದರೆ ಗಾಳಿಯಲ್ಲೇ ತಣಿಯುವ ಸಣ್ಣ ಮೈಕ್ರೊಫೋಕಸ್ ಕೊಳವೆ ಕೊಂಡು, ಉಳಿದ ಹಣವನ್ನು ಸಿಂಕ್ರೊಟ್ರಾನ್ ಪ್ರಯಾಣಕ್ಕೆ ಇಡಿ. ಅಂಗಾಂಶ ಚಿತ್ರಣದ ಕೆಲಸವೂ ಇದ್ದರೆ ಮಾತ್ರ ದ್ರವ ಲೋಹದ ಯಂತ್ರಕ್ಕೆ ಕೈಹಾಕಿ.